ನೀರಿಗೆ ಬಿಡದ ಹಸಿರು

ಕೇಳುಗರಿಗೆ ನಮಸ್ಕಾರ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅಜ್ಜ ನನಗೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಒಂದು ಹಕ್ಕಿ ಕೊಡಿಸಿದ್ದರು. ಗುಬ್ಬಿಗಿಂತ ಸಣ್ಣದು, ಗಿಣಿಯಂಥ ಹಸಿರು. ಧಾರವಾಡಕ್ಕೆ ಬಂದು ಪಂಜರದೊಳಗೆ ನೀರಿನ ಬಟ್ಟಲು ಇಟ್ಟೆ. ಹಕ್ಕಿ ರೆಕ್ಕೆ ಬಡಿದು ಮಿಂದಿತು. ನೀರು ಹಸಿರಾಯಿತು, ಹಕ್ಕಿ ಮಣ್ಣಿನ ಬಣ್ಣಕ್ಕೆ ಬಂತು. "ಬಣ್ಣಾ ಹಚ್ಚಿ ಮಾರ್‍ಯಾನಲ್ಲೋ ತಮ್ಮಾ" ಅಂದಳು ಅವ್ವ. ಅದು ನಮ್ಮ ಜೋಳದ ಹೊಲದಲ್ಲೇ ಇರುವ ರಾಟವಾಳ. ನಾಲ್ಕೇ ದಿನ ಬದುಕಿತು.

ಗಿಣಿಯಷ್ಟೇ ಹಸಿರಾದ ರಾಟವಾಳದ ನೆಂಟರು ನಿಜವಾಗಿಯೂ ಇದ್ದಾರೆ ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಇಂಗ್ಲಿಷಿನಲ್ಲಿ ಪ್ಯಾರಟ್‌ಫಿಂಚ್ ಅನ್ನುತ್ತಾರೆ. ನಾನು ಗಿಣಿ ರಾಟವಾಳ ಅನ್ನುತ್ತೇನೆ. ಇವುಗಳಲ್ಲಿ ನನ್ನ ಮನಸ್ಸು ಕದ್ದದ್ದು ಫಿಲಿಪ್ಪೀನ್ಸಿನ ಮಿಂಡನಾವೊ ದ್ವೀಪದ ಕೆಂಪು ಕಿವಿಯ ಹಕ್ಕಿ. ಮೈ ಹಸಿರು, ಮುಖ ನೀಲಿ, ಕೆನ್ನೆಯ ಪಕ್ಕದಲ್ಲಿ ಕೆಂಪು ಪಟ್ಟೆ, ಬಾಲವೂ ಕೆಂಪು. ಉದ್ದ ಸುಮಾರು 10 ಸೆಂಟಿಮೀಟರ್ ಅಷ್ಟೇ. ಕಿಟಾಂಗ್ಲಾಡ್, ಅಪೋ ಬೆಟ್ಟಗಳ ಎತ್ತರದ ಕಾಡಿನ ಅಂಚಿನಲ್ಲಿ ಇದರ ವಾಸ. ಇದಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದೇ 1961ರಲ್ಲಿ. ಹೆಸರಿಟ್ಟವರು ಡಿಲನ್ ರಿಪ್ಲಿ ಮತ್ತು ಫಿಲಿಪ್ಪೀನ್ಸಿನ ರಾಬೋರ್. ಈ ರಿಪ್ಲಿ ನಮಗೆ ಹೊರಗಿನವರೇನಲ್ಲ. ನಮ್ಮ ಸಲೀಂ ಅಲಿ ಅವರ ಜೊತೆ ಕೂತು ಭಾರತದ ಹಕ್ಕಿಗಳ ಮೇಲೆ 10 ಸಂಪುಟ ಬರೆದವರು.

ಈ ಹಸಿರು ಯಾಕೆ ನೀರಿಗೆ ಬಿಡುವುದಿಲ್ಲ? ಮೊದಲು ಮುಖದ ನೀಲಿ ನೋಡೋಣ. ಗರಿಯಲ್ಲಿ ನೀಲಿ ಬಣ್ಣ ಅನ್ನುವ ವಸ್ತುವೇ ಇಲ್ಲ! ಗರಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಯ ಗೂಡುಗಳಿವೆ. ಬೆಳಕು ಅಲ್ಲಿ ಚದುರಿ, ಅದರೊಳಗಿನ ನೀಲಿ ನಮ್ಮ ಕಣ್ಣಿಗೆ ತಿರುಗಿ ಬರುತ್ತದೆ. ಅಂಥ ಗರಿ ಉದುರಿ ಬಿದ್ದಾಗ ಕುಟ್ಟಿ ಪುಡಿ ಮಾಡಿದರೆ ನೀಲಿ ಮಾಯ. ಆ ನೀಲಿಗೆ ಹಳದಿ ಕೂಡಿದರೆ ಮೈಯ ಹಸಿರು. ಹಳದಿ ಮತ್ತು ಕೆಂಪು ಮಾತ್ರ ತಿಂದ ಆಹಾರದಿಂದ ಬರುವ ಕೆರೋಟಿನಾಯ್ಡ್. ನಮ್ಮ ಗಜ್ಜರಿಗೆ ಬಣ್ಣ ಕೊಡುವುದೂ ಅದೇ ಜಾತಿಯ ವಸ್ತು. ಅಂದರೆ ಅರ್ಧ ಬೆಳಕಿನ ಆಟ, ಅರ್ಧ ಊಟ. ಇದನ್ನು ಮೊದಲು ಓದಿದ ದಿನ ನನಗೆ ಆ ಹಸಿರು ನೀರಿನ ಬಟ್ಟಲೇ ಕಣ್ಣ ಮುಂದೆ ಬಂತು.

ಇವುಗಳ ಬಳಗದ ಮರಿಗಳದ್ದು ಇನ್ನೊಂದು ಚೆಂದ. ಗೂಡೊಳಗೆ ಕತ್ತಲು. ಮರಿಯ ಬಾಯಿಯ ಮೂಲೆಯಲ್ಲಿ ನೀಲಿ ಮಣಿಯಂಥ ಗಂಟುಗಳಿರುತ್ತವೆ. ಒಳಗೆ ಬಂದ ಚೂರು ಬೆಳಕಿಗೆ ಅವು ಹೊಳೆಯುತ್ತವೆ. ತಾಯಿಗೆ ಬಾಯಿ ಎಲ್ಲಿದೆ ಅಂತ ಗೊತ್ತಾಗಬೇಕು, ಅಲ್ವಾ?

ಆಗ್ನೇಯ ಏಷ್ಯಾದ ಇನ್ನೊಂದು ಗಿಣಿ ರಾಟವಾಳ ಬಿದಿರಕ್ಕಿ ಹುಡುಕುತ್ತಾ ಅಲೆಯುತ್ತದೆ, ಭತ್ತದ ಗದ್ದೆಗೂ ನುಗ್ಗುತ್ತದೆ. ಜೋಳ ಹಾಲುಗಟ್ಟುವಾಗ ಕವಣೆ ಹಿಡಿದು ಅಟ್ಟದ ಮೇಲೆ ನಿಂತವರಿಗೆ ಈ ಬುದ್ಧಿ ಗೊತ್ತಿದ್ದದ್ದೇ.

ರಾಟವಾಳ ಹಿಡಿಯುವುದು, ಮಾರುವುದು ಈಗ ಅಪರಾಧ. 1972ರ ವನ್ಯಜೀವಿ ಕಾಯ್ದೆ ಇದೆ. ಯಾರಾದರೂ ಬಣ್ಣದ ಹಕ್ಕಿ ತಂದರೆ ದಯವಿಟ್ಟು ಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಮೊನ್ನೆ ಮಳೆ ನಿಂತ ಮೇಲೆ ಕೆಲಗೇರಿ ಕೆರೆಯ ಕಡೆ ಹೋಗಿದ್ದೆ. ಜಾಲಿಯ ಮುಳ್ಳಿನ ನಡುವೆ ಎರಡು ಚುಕ್ಕೆ ರಾಟವಾಳ ಗೂಡು ಕಟ್ಟುತ್ತಿದ್ದವು. ಚೆಂಡಿನಂಥ ಹುಲ್ಲಿನ ಗೂಡು, ಪಕ್ಕದಲ್ಲಿ ಬಾಗಿಲು. ಮಿಂಡನಾವೊದ ನೆಂಟರ ಕುಲದವೂ ಹೀಗೇ ಕಟ್ಟುತ್ತವೆ. ತನ್ನ ಮೈಗಿಂತ ಉದ್ದದ ಹುಲ್ಲಿನೆಸಳು ಕಚ್ಚಿಕೊಂಡು ಒಂದು ಹಕ್ಕಿ ಮತ್ತೆ ಮತ್ತೆ ಬರುತ್ತಿತ್ತು. ಗೂಡು ಇನ್ನೂ ಅರ್ಧ ಆಗಿತ್ತು. ಬರುವ ರವಿವಾರ ಮತ್ತೆ ಹೋಗಿ ನೋಡುತ್ತೇನೆ.