ಬೋಗಿಯಿಂದ ಬೋಗಿಗೆ ದಾರಿ: ಸುರಂಗದ ರೈಲು ಮತ್ತು ಪ್ರಯಾಣಿಕರ ತೆರವು

ಮಾನ್ಯರೇ,

ಮೆಟ್ರೊ ಇಲ್ಲದ ಕಲಬುರಗಿಯಲ್ಲಿ ಮೆಟ್ರೊ ಸುರಂಗದ ಸುರಕ್ಷತೆಯ ವಿಚಾರವೇಕೆ ಎಂದು ಯಾರಾದರೂ ಕೇಳಬಹುದು. ಈ ಸಭೆಯಲ್ಲಿ ಕುಳಿತವರಲ್ಲಿ ಬೆಂಗಳೂರಿಗೆ ಹೋಗಿಬರದ ಮನೆತನಗಳು ವಿರಳ. ಸಂಜೆ ಇಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು ಮರುದಿನ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ನೆಲದಡಿಗೆ ಇಳಿದು ನೇರಳೆ ಮಾರ್ಗದ ರೈಲು ಹಿಡಿಯುತ್ತಾರೆ. ಸುರಂಗವೂ ನಮಗೆ ತೀರ ಹೊಸದೇನಲ್ಲ. 2017ರಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ಮಾರ್ಗದಲ್ಲಿ ಮರಗುತ್ತಿಯ ಬಳಿ ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಸುರಂಗವಿದೆ.

ನಮ್ಮ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಒಂದು ಬೋಗಿಯಿಂದ ಇನ್ನೊಂದಕ್ಕೆ ಹೋಗುವ ದಾರಿ ಹೇಗಿರುತ್ತದೆಂಬುದು ಎಲ್ಲರಿಗೂ ಗೊತ್ತು. ಶೌಚಾಲಯದ ಪಕ್ಕದಲ್ಲಿ ಒಂದು ಬಾಗಿಲು, ಅದರಾಚೆ ಕಾಲಡಿಯಲ್ಲಿ ಅಲುಗಾಡುವ ಕಬ್ಬಿಣದ ಹಲಗೆಗಳು, ಒಬ್ಬರು ಬಂದರೆ ಇನ್ನೊಬ್ಬರು ಕಾಯಬೇಕಾದ ಅಗಲ. ಹಳೆಯ ಜನರಲ್ ಬೋಗಿಗಳಿಗೆ ಅಷ್ಟೂ ಇರುತ್ತಿರಲಿಲ್ಲ. ನೂಕುನುಗ್ಗಲು ಅತಿ ಹೆಚ್ಚಿರುವ ಕಡೆಯೇ ದಾರಿ ಮುಚ್ಚಿದ್ದು ಯಾವ ತರ್ಕವೋ ತಿಳಿಯದು. ಇಂದಿನ ಮೆಟ್ರೊ ರೈಲಿನಲ್ಲಿ ಬೋಗಿಗಳ ನಡುವೆ ಬಾಗಿಲೇ ಇರುವುದಿಲ್ಲ. ಮಡಿಕೆ ಮಡಿಕೆಯಾದ ಹೊದಿಕೆಯೊಳಗೆ ಅಗಲವಾದ ಒಳಹಾದಿಯಿದ್ದು, ನೇರ ಹಳಿಯಲ್ಲಿ ಮೊದಲ ಬೋಗಿಯಲ್ಲಿ ನಿಂತವರಿಗೆ ಕೊನೆಯ ಬೋಗಿಯವರೆಗೂ ಕಾಣಿಸುತ್ತದೆ. ದೆಹಲಿ, ಬೆಂಗಳೂರಿನ ಪ್ರಯಾಣಿಕರಿಗೆ ಇದು ಮೊದಲಿನಿಂದಲೂ ರೂಢಿ. ಮೆಟ್ರೊಗಳ ತವರಾದ ಲಂಡನ್ನಿನಲ್ಲಿ ಮಾತ್ರ ಇಂಥ ರೈಲು ಓಡತೊಡಗಿದ್ದು 2010ರಲ್ಲಿ, ಅದೂ ನೆಲಮಟ್ಟಕ್ಕೆ ಹತ್ತಿರದ, ಅಗಲವಾದ ಸುರಂಗಗಳ ಮಾರ್ಗಗಳಲ್ಲಿ. ಅಲ್ಲಿನ ಆಳದ ಸುರಂಗಗಳ ವ್ಯಾಸ ಸುಮಾರು ಮೂರೂವರೆ ಮೀಟರ್, ತಿರುವುಗಳು ಬಿಗಿ. ಅಲ್ಲಿಗೆ ಒಳಹಾದಿಯ ರೈಲು ತರಬೇಕೆಂದರೆ ರೈಲಿನ ರಚನೆಯನ್ನೇ ಬದಲಿಸಬೇಕಾಯಿತು. ಪಿಕಾಡಿಲಿ ಮಾರ್ಗಕ್ಕಾಗಿ ತಯಾರಾದ ಹೊಸ ರೈಲುಗಳಲ್ಲಿ ಅಕ್ಕಪಕ್ಕದ ಬೋಗಿಗಳು ಗಾಲಿಗಳ ಚೌಕಟ್ಟನ್ನು ಹಂಚಿಕೊಳ್ಳುವುದು ಆ ಕಾರಣಕ್ಕೆ.

ಒಳಹಾದಿಯ ಬೆಲೆ ತಿಳಿಯಬೇಕಾದರೆ ಆ ಆಳದ ಸುರಂಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬೇಕು. ಅಲ್ಲಿ ರೈಲಿಗೂ ಗೋಡೆಗೂ ನಡುವೆ ಮನುಷ್ಯ ನಡೆಯುವಷ್ಟು ಜಾಗವಿಲ್ಲ. ಪಕ್ಕದ ಬಾಗಿಲು ತೆರೆದರೂ ಎದುರಾಗುವುದು ಸುರಂಗದ ಗೋಡೆ. ಹೊರಬರಲು ಇರುವುದು ರೈಲಿನ ಎರಡು ತುದಿಗಳ ಬಾಗಿಲು ಮಾತ್ರ. ಇಳಿಯಬೇಕಾದದ್ದು ಹಳಿಯ ಮೇಲೆ, ಅದೂ ವಿದ್ಯುತ್ ಕಡಿದ ಮೇಲೆ. 2005ರ ಜುಲೈ 7ರಂದು ಕಿಂಗ್ಸ್ ಕ್ರಾಸ್ ಮತ್ತು ರಸೆಲ್ ಸ್ಕ್ವೇರ್ ನಿಲ್ದಾಣಗಳ ನಡುವೆ ಬಾಂಬು ಸಿಡಿದಾಗ ಬದುಕುಳಿದವರು ಹೀಗೆಯೇ, ರೈಲಿನ ತುದಿಗಳಿಂದ ಇಳಿದು ಹಳಿಯಗುಂಟ ನಡೆದು ನಿಲ್ದಾಣ ಸೇರಬೇಕಾಯಿತು. ಒಂದು ಲೆಕ್ಕ ಹಾಕೋಣ. ರೈಲಿನಲ್ಲಿ 1,500 ಜನರಿದ್ದು, ತುದಿಯ ಏಣಿಯಿಂದ ಎರಡು ಸೆಕೆಂಡಿಗೆ ಒಬ್ಬರಂತೆ ಇಳಿದರೆ, ಒಂದೇ ತುದಿ ಬಳಕೆಗೆ ಸಿಕ್ಕಾಗ ಎಲ್ಲರೂ ಇಳಿಯಲು 50 ನಿಮಿಷ ಬೇಕು. ಮುಪ್ಪಿನವರು, ಬಸುರಿಯರು, ಗಾಲಿಕುರ್ಚಿಯವರು ಇದ್ದರೆ ಇನ್ನೂ ಹೆಚ್ಚು. ಹೊಗೆ ಅಷ್ಟು ಹೊತ್ತು ಕಾಯುವುದಿಲ್ಲ.

ಇದನ್ನು ಅರಿತೇ ಹೊಸ ಸುರಂಗಗಳಲ್ಲಿ ಗೋಡೆಯಗುಂಟ ಬೋಗಿಯ ನೆಲದ ಎತ್ತರಕ್ಕೆ ನಡೆಹಾದಿ ಕಟ್ಟುತ್ತಾರೆ. ಜೋಡಿ ಸುರಂಗಗಳ ನಡುವೆ ಅಡ್ಡದಾರಿಗಳನ್ನು ಕೊರೆಯುತ್ತಾರೆ. ಅನೇಕ ದೇಶಗಳು ಆಧಾರವಾಗಿಟ್ಟುಕೊಳ್ಳುವ ಅಮೆರಿಕದ ಎನ್‌ಎಫ್‌ಪಿಎ 130 ಮಾನದಂಡದ ಪ್ರಕಾರ ಅಡ್ಡದಾರಿಗಳ ಅಂತರ 244 ಮೀಟರ್ ಮೀರಬಾರದು. ಹೀಗಿದ್ದಾಗ ಪಕ್ಕದ ಬಾಗಿಲುಗಳೆಲ್ಲ ಬಳಕೆಗೆ ಬರುತ್ತವೆ, ಒಳಹಾದಿಯ ಕೆಲಸವೂ ಬದಲಾಗುತ್ತದೆ. ಉರಿಯುತ್ತಿರುವ ಬೋಗಿಯ ಜನ ಸುರಂಗಕ್ಕೆ ಇಳಿಯದೆಯೇ ರೈಲಿನೊಳಗೇ ದೂರ ಸರಿಯಬಹುದು, ಅಷ್ಟರಲ್ಲಿ ರೈಲು ಮುಂದಿನ ನಿಲ್ದಾಣಕ್ಕೆ ಓಡಬಹುದು. ನನ್ನ ದೃಷ್ಟಿಯಲ್ಲಿ ಒಳಹಾದಿಯ ನಿಜವಾದ ಉಪಯೋಗ ಇದೇ. ಅದು ಹೊರಹೋಗುವ ದಾರಿಯಾಗುವುದಕ್ಕಿಂತ ಹೆಚ್ಚಾಗಿ, ರೈಲು ನಿಲ್ದಾಣ ಮುಟ್ಟುವವರೆಗೆ ಜನರನ್ನು ಉಳಿಸುವ ಜಾಗ. ಸುರಂಗದ ನಡುವೆ ಜನರನ್ನು ಇಳಿಸುವುದು ಬೇರೆ ಗತಿಯಿಲ್ಲದಾಗ ಮಾಡುವ ಕೆಲಸ. ಅದಕ್ಕೇ ಸುರಂಗದಲ್ಲಿ ಓಡುವಾಗ ಅಲಾರಾಂ ಹಿಡಿಕೆ ಎಳೆದರೂ ರೈಲನ್ನು ಮುಂದಿನ ನಿಲ್ದಾಣಕ್ಕೆ ಒಯ್ಯುವ ಪದ್ಧತಿಯಿದೆ. ಬೆಂಕಿ ಹತ್ತಿದ ಮೇಲೂ ಒಂದು ವರ್ಗದ ರೈಲು ನಾಲ್ಕು ನಿಮಿಷ, ಇನ್ನೊಂದು ವರ್ಗದ ರೈಲು ಹದಿನೈದು ನಿಮಿಷ ಓಡುವ ಸಾಮರ್ಥ್ಯ ಉಳಿಸಿಕೊಂಡಿರಬೇಕು ಎಂದು ಯುರೋಪಿನ ಮಾನದಂಡ ಕೇಳುವುದೂ ಇದೇ ಲೆಕ್ಕಾಚಾರದಿಂದ.

ಆಕ್ಷೇಪವೂ ಇದೆ, ಅದು ಹಗುರವಾದದ್ದಲ್ಲ. ಜನ ಹೋಗುವ ದಾರಿಯಲ್ಲಿ ಹೊಗೆಯೂ ಹೋಗುತ್ತದೆ. ಬಾಗಿಲಿದ್ದರೆ ಮುಚ್ಚಿ ಹೊಗೆ ತಡೆಯಬಹುದಿತ್ತಲ್ಲವೇ? ಇದಕ್ಕೆ ಉತ್ತರ ಸಿಗುವುದು ಬೋಗಿಯ ಸಾಮಗ್ರಿಯಲ್ಲಿ. 2003ರ ಫೆಬ್ರವರಿ 18ರಂದು ದಕ್ಷಿಣ ಕೊರಿಯಾದ ದೇಗು ನಗರದ ಜುಂಗಾಂಗ್ನೊ ನಿಲ್ದಾಣದಲ್ಲಿ ಒಬ್ಬ ವ್ಯಕ್ತಿ ನಿಂತ ರೈಲಿನೊಳಗೆ ಬೆಂಕಿ ಹಚ್ಚಿದ. ಆಸನಗಳೂ ಒಳಗಿನ ಹೊದಿಕೆಯೂ ಧಗಧಗನೆ ಉರಿದವು. ಎದುರು ಹಳಿಯಲ್ಲಿ ಇನ್ನೊಂದು ರೈಲು ಬಂದು ಪಕ್ಕದಲ್ಲೇ ನಿಂತಿತು. ಬೆಂಕಿ ಅದಕ್ಕೂ ಹಬ್ಬಿತು. ವಿದ್ಯುತ್ ಹೋಯಿತು. ಆ ಎರಡನೆಯ ರೈಲಿನ ಚಾಲಕ ಕೀಲಿ ತೆಗೆದುಕೊಂಡು ಹೊರಟ, ಬಹುತೇಕ ಬಾಗಿಲುಗಳು ಮುಚ್ಚಿಯೇ ಉಳಿದವು. ಸತ್ತವರು 192 ಮಂದಿ. ಅವರಲ್ಲಿ ಹೆಚ್ಚಿನವರು ಬೆಂಕಿ ಹುಟ್ಟಿದ ರೈಲಿನವರಾಗಿರದೆ ಆಮೇಲೆ ಬಂದ ರೈಲಿನವರು. ಬೋಗಿಯ ಸರಕೇ ಸೌದೆಯಾಗಿದ್ದಾಗ ನಡುವಿನ ಬಾಗಿಲು ಇದ್ದರೇನು, ಇಲ್ಲದಿದ್ದರೇನು? ಸುಲಭವಾಗಿ ಹೊತ್ತದ, ಹೊತ್ತಿದರೂ ವಿಷದ ಹೊಗೆ ಕಡಿಮೆ ಉಗುಳುವ ಸಾಮಗ್ರಿ ಇದ್ದಾಗ ಮಾತ್ರ ಒಳಹಾದಿಯಿಂದ ಲಾಭ ಹೆಚ್ಚು, ಅಪಾಯ ಕಡಿಮೆ.

ಹೊಗೆಯ ಎರಡನೆಯ ಭಾಗ ಸುರಂಗದ ಗಾಳಿ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ನೋಡಿದವರಿಗೆ, ನೆಲದಡಿಯ ಕಾಲುವೆಯುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಇಳಿಸಿದ ಬಾವಿಗಳು ನೆನಪಿರಬಹುದು. ಕೆಳಗಿಳಿದು ಕೆಲಸ ಮಾಡುವವರಿಗೆ ಗಾಳಿ ಬರುತ್ತಿದ್ದದ್ದು ಅವುಗಳಿಂದ. ಮೆಟ್ರೊ ಸುರಂಗಕ್ಕೂ ಅಂಥ ಕಂಡಿಗಳಿವೆ. ವ್ಯತ್ಯಾಸವೆಂದರೆ ಅಲ್ಲಿ ಭಾರಿ ಫ್ಯಾನುಗಳಿದ್ದು, ಅವನ್ನು ಎರಡೂ ದಿಕ್ಕಿಗೆ ತಿರುಗಿಸಬಹುದು. ಹೊಗೆಯನ್ನು ಒಂದು ಕಡೆ ತಳ್ಳಿ, ಎದುರು ಗಾಳಿಗೆ ಮುಖಮಾಡಿ ಜನರನ್ನು ಇನ್ನೊಂದು ಕಡೆ ನಡೆಸುವುದು ಕ್ರಮ. ಈ ಕ್ರಮ ತಪ್ಪಿದರೆ ಏನಾಗುತ್ತದೆಂಬುದಕ್ಕೆ 1995ರ ಅಕ್ಟೋಬರ್ 28ರಂದು ಅಜರ್‌ಬೈಜಾನಿನ ರಾಜಧಾನಿ ಬಾಕುವಿನ ಮೆಟ್ರೊದಲ್ಲಿ ನಡೆದ ದುರಂತವಿದೆ. ವಿದ್ಯುತ್ ದೋಷದಿಂದ ಬೆಂಕಿ ಹತ್ತಿದ ರೈಲು ನಿಲ್ದಾಣ ಬಿಟ್ಟು ಸ್ವಲ್ಪ ದೂರದಲ್ಲೇ ಸುರಂಗದಲ್ಲಿ ನಿಂತಿತು. ಜನ ಇಳಿದು ನಡೆಯುತ್ತಿರುವಾಗ ಫ್ಯಾನುಗಳ ದಿಕ್ಕು ಬದಲಾಗಿ, ಹೊಗೆ ಅವರ ಮೇಲೆಯೇ ಬಂತು. ಅಧಿಕೃತ ಲೆಕ್ಕದಂತೆ 289 ಜನ ತೀರಿಕೊಂಡರು. ಯಾವ ದಿಕ್ಕಿಗೆ ಗಾಳಿ ಹಾಯಿಸಬೇಕೆಂದು ನಿರ್ಧರಿಸುವ ಕಂಟ್ರೋಲ್ ರೂಮಿಗೆ ಎಷ್ಟನೆಯ ಬೋಗಿಯಲ್ಲಿ ಬೆಂಕಿ ಎಂಬುದು ಮೊದಲು ತಿಳಿಯಬೇಕು. ಆದ್ದರಿಂದ ಅಲಾರಾಂ ಒತ್ತಿದವರು ಗಾಬರಿಯಲ್ಲೂ ಹೇಳಬೇಕಾದ ಮೊದಲ ಮಾತು ಬೋಗಿಯ ಸಂಖ್ಯೆ. ಅದನ್ನು ಒಳಗಡೆಯೇ ಬರೆದಿರುತ್ತಾರೆ.

ಇಷ್ಟೆಲ್ಲ ಏರ್ಪಾಡು ಒಂದು ಮಾತಿನ ಕೊರತೆಯಿಂದ ಕೈಕೊಡಬಹುದು. 2023ರ ಮೇ 5ರಂದು ಲಂಡನ್ನಿನ ಕ್ಲಾಪಮ್ ಕಾಮನ್ ನಿಲ್ದಾಣದಿಂದ ಹೊರಟ ರೈಲಿನಲ್ಲಿ ಸುಟ್ಟ ವಾಸನೆ ಬಂತೆಂದು ಯಾರೋ ಅಲಾರಾಂ ಎಳೆದರು. ಆರು ಬೋಗಿಗಳಲ್ಲಿ ಎರಡು ಸುರಂಗ ಹೊಕ್ಕಿದ್ದವು, ನಾಲ್ಕು ಇನ್ನೂ ಪ್ಲಾಟ್‌ಫಾರ್ಮಿನಲ್ಲೇ ಇದ್ದವು. ರೈಲು ನಿಂತಿತು, ಬಾಗಿಲು ತೆರೆಯಲಿಲ್ಲ, ಒಳಗಿದ್ದವರಿಗೆ ಏನಾಗುತ್ತಿದೆಯೆಂದು ತಿಳಿಯಲಿಲ್ಲ. ಅದು ಒಳಹಾದಿಯಿಲ್ಲದ ಹಳೆಯ ರೈಲು. ಜನ ಬೋಗಿಗಳ ನಡುವಿನ ತುರ್ತು ಬಾಗಿಲುಗಳಿಂದ ನುಸುಳಿದರು, ಕಿಟಕಿಗಳನ್ನು ಒಡೆದು ಪ್ಲಾಟ್‌ಫಾರ್ಮಿಗೆ ಜಿಗಿದರು. ಸಿಬ್ಬಂದಿ ಬಾಗಿಲು ತೆರೆದದ್ದು ಸುಮಾರು ನಾಲ್ಕೂವರೆ ನಿಮಿಷದ ಮೇಲೆ. ಅಷ್ಟರೊಳಗೆ ಅಂದಾಜು 500 ಜನರಲ್ಲಿ ನೂರರಷ್ಟು ಮಂದಿ ಹೊರಬಿದ್ದಿದ್ದರು. ಅದು ಒಳಹಾದಿಯ ರೈಲಾಗಿದ್ದರೆ ಸುರಂಗದೊಳಗಿನ ಎರಡು ಬೋಗಿಗಳ ಜನ ಹಿಂದಕ್ಕೆ ನಡೆದುಬರಬಹುದಿತ್ತು. ಆದರೂ ಬಾಗಿಲು ಮುಚ್ಚಿ, ಮೈಕು ಮೌನವಾಗಿದ್ದರೆ ಕಿಟಕಿಗೆ ಪೆಟ್ಟು ಬೀಳುವುದು ತಪ್ಪುತ್ತಿತ್ತೇ ಎಂಬ ಅನುಮಾನ ನನಗಿದೆ. ನಾಲ್ಕು ನಿಮಿಷ ಕಾಗದದ ಮೇಲೆ ಕಡಿಮೆ. ಬಾಗಿಲು ಮುಚ್ಚಿದ ಬೋಗಿಯಲ್ಲಿ ಸುಟ್ಟ ವಾಸನೆಯ ನಡುವೆ ಅದು ಬಲು ದೀರ್ಘ.

ಬೆಂಗಳೂರಿನ ಗುಲಾಬಿ ಮಾರ್ಗದ ಸುರಂಗ ಡೇರಿ ಸರ್ಕಲ್‌ನಿಂದ ನಾಗವಾರದವರೆಗೆ ಸುಮಾರು 14 ಕಿಲೋಮೀಟರ್. ಅಲ್ಲಿ ನಡೆಸುವ ತೆರವಿನ ತಾಲೀಮುಗಳಲ್ಲಿ ಗಟ್ಟಿಮುಟ್ಟಾದ ಸಿಬ್ಬಂದಿಯನ್ನಷ್ಟೇ ಕೂರಿಸಿ ಇಳಿಸಿದರೆ ಬರುವ ಸಮಯದ ಲೆಕ್ಕ ಯಾವ ಕೆಲಸಕ್ಕೂ ಬಾರದು. ಮೊಣಕಾಲು ನೋವಿನವರು, ಕೂಸನ್ನೆತ್ತಿಕೊಂಡವರು, ಊರಿನಿಂದ ಚೀಲ ಹೊತ್ತು ಬಂದು ಮೊದಲ ಸಲ ಮೆಟ್ರೊ ಹತ್ತಿದವರು ತಾಲೀಮಿನಲ್ಲಿರಬೇಕು. ಘೋಷಣೆ ಮೊದಲು ಕನ್ನಡದಲ್ಲಿ, ಚಿಕ್ಕ ವಾಕ್ಯಗಳಲ್ಲಿ ಬರಬೇಕು: ರೈಲು ಏಕೆ ನಿಂತಿದೆ, ಯಾವ ಬೋಗಿಯ ಕಡೆ ನಡೆಯಬೇಕು, ಯಾವ ಬದಿಯ ಬಾಗಿಲು ತೆರೆಯುತ್ತದೆ. ಅಲ್ಲಿನ ಹಳಿಯ ಪಕ್ಕದ ಮೂರನೆಯ ಹಳಿಯಲ್ಲಿ 750 ವೋಲ್ಟ್ ಹರಿಯುತ್ತಿರುತ್ತದೆ. ಅದು ಕಡಿತವಾಯಿತೆಂದು ಸಿಬ್ಬಂದಿ ಹೇಳುವವರೆಗೆ ಯಾರೂ ಹಳಿಗೆ ಕಾಲಿಡಬಾರದು ಎಂಬುದನ್ನು ನಿಲುಗಡೆಯ ಮೊದಲ ನಿಮಿಷದಲ್ಲೇ ಹೇಳಬೇಕು. ಗೋಡೆಗೆ ಅಂಟಿಸಿದ ಫಲಕವನ್ನು ಆ ಹೊತ್ತಿನಲ್ಲಿ ಯಾರೂ ಓದುವುದಿಲ್ಲ.