ಹಕ್ಕಿ ಅಂದುಕೊಂಡಿರಾ? ಅದು ಕಾಲಡಿಯ ಹುಳ

ಇಂಗ್ಲೆಂಡಿನ ದಕ್ಷಿಣದಲ್ಲಿ ಏಪ್ರಿಲ್ ಮುಗಿಯುತ್ತಾ ಬಂದಾಗ, ಗಾಳಿಯಿಲ್ಲದ ಬೆಚ್ಚನೆಯ ಸಂಜೆ ಜೌಗು ನೆಲದ ಪಕ್ಕ ನಿಂತರೆ ಒಂದು ಸದ್ದು ಕೇಳಬಹುದು. ನಡುವೆ ಉಸಿರು ತಗೊಳ್ಳದೆ ಒಂದೇ ಸಮನೆ ಟರ್ರ್ ಅನ್ನುವ ಸದ್ದು. ಕೇಳಿದವರು ನತ್ತಿಂಗ, ಅಂದ್ರೆ ನೈಟ್‌ಜಾರ್ ಹಕ್ಕಿ ಅಂದುಕೊಂಡರೆ ತಪ್ಪೇನಿಲ್ಲ, ಅಷ್ಟು ಹೋಲುತ್ತದೆ.

ಕೇಳಬಹುದು ಅಂದೆ. ನಿಜ ಹೇಳಬೇಕಂದ್ರೆ, ಈಗ ಹೆಚ್ಚಿನ ಕಡೆ ಕೇಳುವುದೇ ಇಲ್ಲ.

ಇದು ಮೋಲ್ ಕ್ರಿಕೆಟ್. ಸ್ಕೋರ್ ಎಷ್ಟು ಅಂತ ಕೇಳಬೇಡಿ, ಇದು ಜೀರುಂಡೆಯ ನೆಂಟ. ಸುಮಾರು 4 ಸೆಂಟಿಮೀಟರ್ ಉದ್ದ, ಕಂದು ಬಣ್ಣ, ಮೈಮೇಲೆ ಮಖಮಲ್ಲಿನಂಥ ರೋಮ, ಮುಂಗಾಲು ಎರಡೂ ಗುದ್ದಲಿ. ಇದರ ಸಂಬಂಧಿಗಳು ನಮ್ಮ ಗದ್ದೆ ಬದುಗಳಲ್ಲೂ ಇವೆ. ಮಳೆಗಾಲದ ರಾತ್ರಿ ಟ್ಯೂಬ್‌ಲೈಟ್‌ಗೆ ಬಂದು ಬಿದ್ದು, ನೆಲದ ಮೇಲೆ ಪರದಾಡುತ್ತಲ್ಲ, ಪೊರಕೆ ತಗೊಂಡು ಆಚೆ ಗುಡಿಸ್ತೀವಲ್ಲ, ಅದೇ ಕುಲ.

ನನಗೆ ಈ ಹುಳದ ಮೇಲೆ ಪ್ರೀತಿ ಬಂದಿದ್ದು ಅದು ಹಾಡುವ ರೀತಿಗೆ. ಗಂಡು ಹುಳ ರೆಕ್ಕೆ ಉಜ್ಜಿ ಸದ್ದು ಮಾಡುತ್ತದೆ, ಅದು ಹೆಚ್ಚಿನ ಜೀರುಂಡೆಗಳೂ ಮಾಡುವ ಕೆಲಸ. ಆದರೆ ಇದು ಮೊದಲು ಹಾಡೋಕೆ ಅಂತಲೇ ಒಂದು ಬಿಲ ತೋಡುತ್ತದೆ. ನೆಲದ ಮೇಲೆ ಎರಡು ಬಾಯಿ, ಎರಡೂ ನಾಗಸ್ವರದ ತುದಿಯ ಹಾಗೆ ಅಗಲ, ಒಳಗೆ ಹೋಗ್ತಾ ಕಿರಿದಾಗಿ ಒಂದು ಕುತ್ತಿಗೆ, ಅದರಾಚೆ ಒಂದು ಗುಂಡು ಕೋಣೆ. ಹುಳ ಆ ಕುತ್ತಿಗೆಯಲ್ಲಿ ತಲೆ ಒಳಗೆ ಮಾಡಿ ಕೂರುತ್ತದೆ. ಬಿಲವೇ ಲೌಡ್‌ಸ್ಪೀಕರ್. ಬೆನೆಟ್-ಕ್ಲಾರ್ಕ್ ಅನ್ನುವ ವಿಜ್ಞಾನಿ 1970ರಲ್ಲಿ ಇದನ್ನೆಲ್ಲ ಅಳೆದು ಬರೆದರು. ಫ್ರಾನ್ಸಿನಲ್ಲಿರುವ ಒಂದು ಜಾತಿಯ ಹಾಡು 600 ಮೀಟರ್ ದೂರಕ್ಕೂ ಕೇಳುತ್ತಿತ್ತಂತೆ. ಬ್ರಿಟನ್ನಿನ ಜಾತಿ ಅಷ್ಟು ಬಾಯಿಬಡುಕ ಅಲ್ಲ, ಇದರ ದನಿಯ ಸ್ಥಾಯಿಯೂ ತಗ್ಗು, ಸುಮಾರು 1.6 ಕಿಲೋಹರ್ಟ್ಸ್, ಅಂದ್ರೆ ಸೆಕೆಂಡಿಗೆ 1,600 ಕಂಪನ. ಮೇಲೆ ಕತ್ತಲಲ್ಲಿ ಹಾರುವ ಹೆಣ್ಣು ಆ ದನಿ ಹಿಡಿದು ಇಳಿಯಬೇಕು.

ಈಗ 200 ವರ್ಷಕ್ಕಿಂತ ಹಿಂದೆ ಹೋಗೋಣ. ಹ್ಯಾಂಪ್‌ಶೈರ್‌ನ ಸೆಲ್ಬೋರ್ನ್ ಊರಿನ ಪಾದ್ರಿ ಗಿಲ್ಬರ್ಟ್ ವೈಟ್, 1789ರಲ್ಲಿ ಅಚ್ಚಾದ ಪುಸ್ತಕದಲ್ಲಿ, ಈ ಹುಳದ ಬಗ್ಗೆ ಬರೆದಿದ್ದಾರೆ. ಅವರಿಗೂ ಇದರ ಸದ್ದು ನತ್ತಿಂಗದ ಹಾಗೇ ಕೇಳಿತ್ತು. ಕಾಲುವೆ ಪಕ್ಕ ಹುಲ್ಲು ಕೊಯ್ಯುತ್ತಿದ್ದ ತೋಟದಾಳಿನ ಕುಡುಗೋಲು ಸ್ವಲ್ಪ ಆಳಕ್ಕೆ ಹೋಗಿ, ಒಂದು ಹೆಂಟೆ ಎದ್ದು ಬಂದು, ಅದರಡಿ ಹತ್ತಿರ ಹತ್ತಿರ ನೂರು ಮೊಟ್ಟೆ ಇದ್ದ ಕೋಣೆ ಕಂಡದ್ದನ್ನೂ ಬರೆದಿದ್ದಾರೆ. ಜೊತೆಗೆ, ಇದು ಎಲೆಕೋಸಿನ ಮಡಿಗಳನ್ನೇ ಹಾಳು ಮಾಡುತ್ತದೆ ಅಂತ ದೂರು ಬೇರೆ! ಜನ ಇದನ್ನ ಚರ್-ವರ್ಮ್, ಈವ್-ಚರ್ ಅಂತ ಕರೆಯುತ್ತಿದ್ದರಂತೆ. ಎಲ್ಲ ಸದ್ದಿನ ಮೇಲೆ ಇಟ್ಟ ಹೆಸರು. ನೋಡಿ ಅಲ್ಲ, ಕೇಳಿ ಇಟ್ಟ ಹೆಸರು. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

ಯಾಕಂದ್ರೆ ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಆ ಹುಳ ಬ್ರಿಟನ್ನಿನಲ್ಲಿ ಅಳಿದೇ ಹೋಯ್ತೇನೋ ಅನ್ನುವ ಹಾಗಾಯಿತು. ವಿಷ ಹಾಕಿ ಬೆನ್ನಟ್ಟಿ ಕೊಂದರು ಅನ್ನುವುದು ಇದರ ಮುಖ್ಯ ಕತೆ ಅಲ್ಲ. ಜೌಗು ಹುಲ್ಲುಗಾವಲುಗಳಿಗೆ ಚರಂಡಿ ತೋಡಿ ನೀರು ಬಸಿದರು, ಅಷ್ಟೆ. ಒಣಗಿದ ನೆಲದಲ್ಲಿ ಇದರ ಸಂಸಾರ ನಡೆಯುವುದಿಲ್ಲ, ಮೊಟ್ಟೆಯಿಂದ ದೊಡ್ಡದಾಗೋಕೆ ಎರಡು ವರ್ಷಕ್ಕೂ ಜಾಸ್ತಿ ಬೇಕು, ಅಷ್ಟೂ ದಿನ ಮಣ್ಣು ಹಸಿಯಾಗಿಯೇ ಇರಬೇಕು. 1981ರ ವನ್ಯಜೀವಿ ಕಾನೂನಿನಲ್ಲಿ ಇದಕ್ಕೆ ರಕ್ಷಣೆ ಇದೆ, ಹಿಡಿಯುವಂತಿಲ್ಲ, ಕೊಲ್ಲುವಂತಿಲ್ಲ. ಒಳ್ಳೇದು. ಆದರೆ ಹುಳ ಮುಟ್ಟಬೇಡಿ ಅಂತ ಹೇಳಿ, ಅದರ ಕಾಲಡಿಯ ನೀರು ಬಸಿಯಲು ಬಿಟ್ಟರೆ ಏನು ಸಿಕ್ಕಿತು?

ಇತ್ತೀಚೆಗೆ ನ್ಯೂ ಫಾರೆಸ್ಟ್‌ನಲ್ಲಿ ಮತ್ತೆ ಸಿಕ್ಕಿದೆ. ಅದೂ ಹ್ಯಾಂಪ್‌ಶೈರೇ, ವೈಟ್ ಅವರ ಜಿಲ್ಲೆಯೇ. ಫ್ರಾನ್ಸ್ ದಡದ ಹತ್ತಿರದ ಗರ್ನ್ಸಿ ದ್ವೀಪದಲ್ಲೂ ಇದೆ. ಆಗಾಗ ಬೇರೆ ಊರುಗಳಲ್ಲೂ ಒಂದೊಂದು ಸಿಗುತ್ತದೆ, ಆದರೆ ಅಂಥವು ಹೊರದೇಶದಿಂದ ಬಂದ ಗಿಡದ ಕುಂಡದ ಮಣ್ಣಿನಲ್ಲಿ ಟಿಕೆಟ್ ಇಲ್ಲದೆ ಬಂದವಾಗಿರಬಹುದು. ಒಂದು ಹುಳ ಸಿಕ್ಕರೆ ಅದು ಸುದ್ದಿ, ಅಷ್ಟೆ. ವರ್ಷಾ ವರ್ಷ ಅದೇ ಜೌಗಿನಿಂದ ಹಾಡು ಬಂದರೆ ಮಾತ್ರ ಅಲ್ಲಿ ಮನೆ ಮಾಡಿದೆ ಅಂತ ನಾನು ನಂಬುತ್ತೇನೆ.

ಹುಲಿಗೆ ಕ್ಯಾಮೆರಾ ಕಟ್ಟುತ್ತೇವೆ. ಬದುಕಿನ ಹೆಚ್ಚಿನ ಭಾಗ ನೆಲದಡಿ ಕಳೆಯುವ ಈ ಹುಳಕ್ಕೆ ಕ್ಯಾಮೆರಾ ಕಟ್ಟಿ ಏನು ಮಾಡೋದು? ಕಿವಿಯಲ್ಲೇ ಎಣಿಸಬೇಕು. ಆ ಸದ್ದಿನ ಪರಿಚಯ ಜನಕ್ಕೆ ತಪ್ಪಿಹೋದರೆ, ಹುಳ ಇದ್ದರೂ ಲೆಕ್ಕಕ್ಕೆ ಇಲ್ಲ, ಲೆಕ್ಕಕ್ಕಿಲ್ಲದ ಜೌಗಿಗೆ ಚರಂಡಿ ತೋಡೋಕೆ ಯಾರ ಅಡ್ಡಿಯೂ ಇಲ್ಲ.

ನ್ಯೂ ಫಾರೆಸ್ಟ್ ಹತ್ತಿರದ ಸೌತಾಂಪ್ಟನ್ ಕಡೆ ಇರುವ ಕನ್ನಡದವರು ಯಾರಾದ್ರೂ ಇದನ್ನ ಕೇಳ್ತಾ ಇದ್ದರೆ, ಮುಂದಿನ ಏಪ್ರಿಲ್‌ನಲ್ಲಿ ಒಂದು ಸಂಜೆ ಜೌಗಿನ ಕಡೆ ಹೋಗಿ ಬನ್ನಿ. ಸದ್ದು ಮರದ ಕಡೆಯಿಂದ ಬರುತ್ತಿದೆಯಾ, ಕಾಲ ಬುಡದಿಂದಲಾ, ಗಮನಿಸಿ. ಕಾಲ ಬುಡದಿಂದ ಅನ್ನಿಸಿದರೆ ಫೋನ್ ತೆಗೆದು ರೆಕಾರ್ಡ್ ಮಾಡಿ. ಅಗೆದು ನೋಡೋಕೆ ಮಾತ್ರ ಹೋಗಬೇಡಿ, ಮೊದಲೇ ಹೇಳಿದ್ದೀನಿ, ಕಾನೂನಿದೆ.