ಹಳೆಯ ವ್ಯಾನಿನ ಫ್ಯೂಯಲ್ ಪಂಪ್ ಸದ್ದು ಮಾಡಿದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ರಸ್ತೆಗಳಲ್ಲಿ ಇಂದಿಗೂ ಹಳೆಯ ವ್ಯಾನುಗಳು ದುಡಿಯುತ್ತಿವೆ. ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆಯಿಂದ ಹೂವು, ತರಕಾರಿಯನ್ನು ಬಡಾವಣೆಯ ಅಂಗಡಿಗಳಿಗೆ ಮುಟ್ಟಿಸುವುದರಿಂದ ಹಿಡಿದು ಮದುವೆ ಮನೆಗೆ ಅಡುಗೆಯ ಪಾತ್ರೆ ಸಾಗಿಸುವವರೆಗೆ, ಎಷ್ಟೋ ಕುಟುಂಬಗಳ ಅಂದಂದಿನ ಸಂಪಾದನೆ ಇವುಗಳನ್ನೇ ನಂಬಿಕೊಂಡಿದೆ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದು, ಮುಂದೆ ಓಮ್ನಿ ಎಂದು ಮನೆಮಾತಾದ 796 ಸಿಸಿ ಎಂಜಿನ್ನಿನ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಆದ್ದರಿಂದ ಇಂದು ಓಡುತ್ತಿರುವ ಓಮ್ನಿಗಳೆಲ್ಲವೂ ವಯಸ್ಸಾದವುಗಳೇ. ಇಂಥ ಗಾಡಿಗಳಲ್ಲಿ ಟ್ಯಾಂಕ್ ಇರುವ ಕಡೆಯಿಂದ, ಎಂಜಿನ್ ಓಡುವಷ್ಟು ಹೊತ್ತೂ ‘ಗುಂಯ್’ ಎಂದು ಕೇಳಿಬರುವ ಸದ್ದು, ಪೆಟ್ರೋಲನ್ನು ಟ್ಯಾಂಕಿನಿಂದ ಎಂಜಿನ್ನಿಗೆ ತಳ್ಳುವ ಫ್ಯೂಯಲ್ ಪಂಪಿನದು. ಸದ್ದು ಹೆಚ್ಚಾದ ಕೂಡಲೇ ಪಂಪ್ ಹೋಯಿತೆಂದು ತೀರ್ಮಾನಿಸಿ ಹೊಸದನ್ನು ಹಾಕಿಸುವ ರೂಢಿ ನಮ್ಮಲ್ಲಿದೆ. ಪಂಪ್ ಏಕೆ ತಿಣುಕುತ್ತಿದೆ ಎಂದು ನೋಡದೆ ಹೊಸದನ್ನು ಹಾಕಿಸಿದರೆ, ಅದೂ ಅದೇ ಕಾರಣಕ್ಕೆ ಕೆಡುತ್ತದೆ. ಹಣ ಎರಡೆರಡು ಬಾರಿ ಖರ್ಚಾಗುತ್ತದೆ.

ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಕಾರ್ಬ್ಯುರೇಟರ್ ಇರುವ ತೀರ ಹಳೆಯ ವ್ಯಾನುಗಳಲ್ಲಿ ಪಂಪನ್ನು ಎಂಜಿನ್ನೇ ನಡೆಸುತ್ತದೆ. ಅದರ ಟಿಕ್ ಟಿಕ್ ಸದ್ದಿನ ವಿಚಾರ ಬೇರೆ, ಅದನ್ನು ಇಲ್ಲಿ ಬಿಡುತ್ತೇನೆ. ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ಎಂಜಿನ್ನಿನ ಗಾಡಿಗಳಲ್ಲಿ ವಿದ್ಯುತ್ತಿನಿಂದ ತಿರುಗುವ ಪಂಪ್ ಸಾಮಾನ್ಯವಾಗಿ ಟ್ಯಾಂಕಿನೊಳಗೇ, ಪೆಟ್ರೋಲಿನಲ್ಲಿ ಮುಳುಗಿಕೊಂಡಿರುತ್ತದೆ. ಪೆಟ್ರೋಲ್ ಮೋಟಾರಿನ ಒಳಗಿಂದಲೇ ಹರಿದುಹೋಗುತ್ತದೆ. ಮೋಟಾರನ್ನು ತಂಪಾಗಿಡುವುದೂ, ಅದಕ್ಕೆ ಎಣ್ಣೆಯ ಹಾಗೆ ಜಾರುವಿಕೆ ಕೊಡುವುದೂ ಅದೇ ಪೆಟ್ರೋಲ್. ಪೆಟ್ರೋಲಿನ ನಡುವೆ ವಿದ್ಯುತ್ ಮೋಟಾರ್ ಇದ್ದರೆ ಬೆಂಕಿ ಹತ್ತಿಕೊಳ್ಳುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಉರಿಯಲು ಬೇಕಾದಷ್ಟು ಗಾಳಿ ಅಲ್ಲಿ ಬೆರೆತಿರುವುದಿಲ್ಲವಾದ್ದರಿಂದ ಹಾಗಾಗುವುದಿಲ್ಲ.

ಕೀ ತಿರುಗಿಸಿದ ತಕ್ಷಣ, ಎಂಜಿನ್ ಸ್ಟಾರ್ಟ್ ಆಗುವ ಮೊದಲು, ಎರಡು ಮೂರು ಸೆಕೆಂಡು ಸಣ್ಣಗೆ ಗುನುಗಿ ನಿಲ್ಲುವ ಸದ್ದು ಸಹಜವಾದದ್ದು. ಪೈಪಿನಲ್ಲಿ ಒತ್ತಡ ತುಂಬಿಕೊಳ್ಳುವ ಸದ್ದು ಅದು. ನಿಮ್ಮ ಗಾಡಿ ಸರಿಯಾಗಿರುವಾಗಲೇ ಬೆಳಗಿನ ನಿಶ್ಶಬ್ದದಲ್ಲಿ ಅದನ್ನು ಕೇಳಿ ಗುರುತಿಟ್ಟುಕೊಳ್ಳಿ. ಸದ್ದು ಕೀರಲಾದರೆ, ಓಡಿಸುವಾಗ ಏರಿಳಿದರೆ, ಅಥವಾ ಜೊತೆಗೆ ಪಿಕಪ್ ಕುಂದಿ ಗಾಡಿ ಜರ್ಕ್ ಹೊಡೆಯತೊಡಗಿದರೆ ಆಗ ಹುಡುಕಾಟ ಶುರುಮಾಡಬೇಕು.

ಮೊದಲು ನೋಡಬೇಕಾದದ್ದು ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಎಂಬುದನ್ನು. ದಿನವೂ ನೂರಿನ್ನೂರು ರೂಪಾಯಿಗೆ ಹಾಕಿಸಿಕೊಂಡು ರಿಸರ್ವಿನಲ್ಲೇ ಓಡಿಸುವ ಗಾಡಿಗಳಲ್ಲಿ ಪಂಪಿನ ಮೈ ಪೆಟ್ರೋಲಿನಿಂದ ಹೊರಗುಳಿದು ಬಿಸಿಯಾಗುತ್ತದೆ. ದಿನದ ದುಡಿಮೆಯಲ್ಲಿ ಕೈ ಎಷ್ಟು ಬಿಗಿಯಿರುತ್ತದೆಂದು ಬಲ್ಲೆ. ಆದರೂ ಕಾಲು ಟ್ಯಾಂಕ್ ಸದಾ ಉಳಿಸಿಕೊಳ್ಳುವುದಕ್ಕಿಂತ ಅಗ್ಗದ ಉಪಾಯ ಈ ವಿಷಯದಲ್ಲಿ ಇನ್ನೊಂದಿಲ್ಲ. ಎಲ್‌ಪಿಜಿ ಜೋಡಿಸಿದ ವ್ಯಾನುಗಳ ಮಾಲೀಕರು ಇದನ್ನು ಇನ್ನೂ ಗಮನವಿಟ್ಟು ಕೇಳಬೇಕು. ಗ್ಯಾಸಿನಲ್ಲೇ ಓಡಿಸುತ್ತೇವೆಂದು ಟ್ಯಾಂಕನ್ನು ಒಣಗಲು ಬಿಡುವವರಿದ್ದಾರೆ. ಕೆಲವು ಜೋಡಣೆಗಳಲ್ಲಿ ಗ್ಯಾಸಿನಲ್ಲಿ ಓಡುವಾಗಲೂ ಫ್ಯೂಯಲ್ ಪಂಪ್ ತಿರುಗುತ್ತಲೇ ಇರುತ್ತದೆ. ಬರಿದಾದ ಟ್ಯಾಂಕಿನಲ್ಲಿ ತಿರುಗಿ ತಿರುಗಿ ಸವೆದುಹೋಗುತ್ತದೆ. ಗ್ಯಾಸಿಗೆ ಬದಲಿಸಿದಾಗ ಪಂಪ್ ನಿಲ್ಲುವಂತೆ ರಿಲೇ, ಅಂದರೆ ವಿದ್ಯುತ್ತಿನಿಂದ ತಾನೇ ಕೆಲಸ ಮಾಡುವ ಸ್ವಿಚ್, ಇದೆಯೇ ಎಂದು ಗ್ಯಾಸ್ ಕಿಟ್ ಹಾಕಿದವರನ್ನೇ ಕೇಳಿ ತಿಳಿದುಕೊಳ್ಳಿ.

ಟ್ಯಾಂಕ್ ತುಂಬಿದ್ದರೂ ಸದ್ದು ಇಳಿಯದಿದ್ದರೆ, ಪಂಪ್ ಪೆಟ್ರೋಲನ್ನು ಎಳೆದುಕೊಳ್ಳುವ ದಾರಿ ಕಟ್ಟಿರಬಹುದು. ಪಂಪಿನ ಬಾಯಿಗೆ ಚಿಕ್ಕ ಚೀಲದಂಥ ಜಾಲರಿಯೊಂದನ್ನು ಸಿಕ್ಕಿಸಿರುತ್ತಾರೆ. ಹೊಸದಾಗಿದ್ದಾಗ ಬಿಳುಪಾಗಿ, ಬೆಳಕು ಹಾಯುವಷ್ಟು ತೆಳ್ಳಗಿರುವ ಇದು, ಹಳೆಯ ಟ್ಯಾಂಕಿನಿಂದ ತೆಗೆದಾಗ ಕಂದುಗಪ್ಪಾಗಿರುತ್ತದೆ. ಬೆರಳಿನಿಂದ ಒರೆಸಿದರೆ ತುಕ್ಕಿನ ನುಣ್ಣನೆಯ ಪುಡಿಯೂ ಅಂಟಂಟಾದ ಜಿಡ್ಡೂ ಕೈಗೆ ಬರುತ್ತವೆ. ಇಂಥ ಜಾಲರಿಯ ಮೂಲಕ ಎಳೆಯಲು ಪಂಪ್ ಹೆಣಗಿದಾಗ ಒಳಗೆ ಒತ್ತಡ ಕುಸಿದು ಪೆಟ್ರೋಲ್ ಆವಿಯ ಗುಳ್ಳೆಗಳಾಗುತ್ತದೆ, ಆ ಗುಳ್ಳೆಗಳು ಒಡೆಯುವುದೇ ಕೀರಲು ಸದ್ದಾಗಿ ಕೇಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತಾಗ ಸದ್ದು ಹೆಚ್ಚಿ, ಬೆಳಗಿನ ತಂಪಿನಲ್ಲಿ ತಗ್ಗುವುದಕ್ಕೆ ಕಾರಣ ಇದೇ: ಬಿಸಿಯಾದ ಪೆಟ್ರೋಲ್ ಬೇಗ ಆವಿಯಾಗುತ್ತದೆ. ಪಂಪಿನಿಂದ ಮುಂದೆ ಪೈಪಿನಲ್ಲಿರುವ ಫಿಲ್ಟರ್ ಕಟ್ಟಿದ್ದರೂ ಪಂಪಿನ ಮೇಲೆ ಹೊರೆ ಬೀಳುತ್ತದೆ. ಅದರ ಬೆಲೆ ಪಂಪಿನ ಬೆಲೆಗಿಂತ ಎಷ್ಟೋ ಕಡಿಮೆ. ಮೊದಲು ಅದನ್ನು ಬದಲಿಸಿ ನೋಡುವುದು ವಿವೇಕ.

ಇನ್ನೊಂದು ಪರೀಕ್ಷೆಗೆ ಕಾಸೂ ಬೇಡ. ಸದ್ದು ಜೋರಾಗಿರುವಾಗ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಒಳಕ್ಕೆ ನುಗ್ಗಿದ ಸದ್ದು ಕೇಳಿ, ಆಮೇಲೆ ಮುಚ್ಚಳ ಹಾಕಿ ಮತ್ತೆ ಸ್ಟಾರ್ಟ್ ಮಾಡಿದಾಗ ಪಂಪಿನ ಸದ್ದು ತಗ್ಗಿದರೆ, ಟ್ಯಾಂಕಿಗೆ ಗಾಳಿಯಾಡುವ ದಾರಿ ಮುಚ್ಚಿದೆ ಎಂದೇ ಅರ್ಥ.

ಎಥನಾಲ್ ಬೆರೆತ ಪೆಟ್ರೋಲಿನ ಮಾತನ್ನೂ ಇಲ್ಲಿ ಹೇಳಲೇಬೇಕು. ಶೇಕಡ 20ರಷ್ಟು ಎಥನಾಲ್ ಇರುವ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕುಳಿತ ಕಸವನ್ನು ಸಡಿಲಿಸಿ ಜಾಲರಿಗೆ ತಂದು ಅಂಟಿಸಬಲ್ಲದು. ಅದಕ್ಕೆಂದು ತಯಾರಾಗದ ಹಳೆಯ ರಬ್ಬರ್ ಪೈಪುಗಳನ್ನೂ ವಾಷರುಗಳನ್ನೂ ಕೆಡಿಸಬಲ್ಲದು. ತಿಂಗಳುಗಟ್ಟಲೆ ನಿಲ್ಲಿಸಿದ ವ್ಯಾನುಗಳಲ್ಲಿ ಈ ತೊಂದರೆ ಹೆಚ್ಚು.

ಬಹಳ ಗ್ಯಾರೇಜುಗಳಲ್ಲಿ ವೈರಿಂಗನ್ನು ಕೊನೆಗೆ ನೋಡುತ್ತಾರೆ ಎಂಬುದು ನನ್ನ ಬೇಸರ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇರುತ್ತದೆ. ಪಂಪಿನ ಕನೆಕ್ಟರಿನಲ್ಲಿ ಅದಕ್ಕಿಂತ ಒಂದು ವೋಲ್ಟಿನಷ್ಟೋ ಹೆಚ್ಚೋ ಇಳಿದಿದ್ದರೆ ಅರ್ಥಿಂಗ್ ತಂತಿಯ ಜೋಡಣೆ ತುಕ್ಕು ಹಿಡಿದಿರಬೇಕು, ಇಲ್ಲವೇ ರಿಲೇಯ ಅಥವಾ ಕನೆಕ್ಟರಿನ ಪಿನ್ ಸುಟ್ಟಿರಬೇಕು. ಹೆಡ್‌ಲೈಟ್ ಹಾಕಿದೊಡನೆ ಪಂಪಿನ ಸ್ವರ ಬದಲಾದರೆ ಇದೇ ಸಂಶಯ ಬಲವಾಗುತ್ತದೆ. ಹಾಗೆಯೇ ಪೆಟ್ರೋಲ್ ಪೈಪ್ ಎಲ್ಲಿಯಾದರೂ ಗಾಡಿಯ ಮೈಗೆ ತಾಗಿದ್ದರೆ ಸಣ್ಣ ಸದ್ದೂ ಇಡೀ ಗಾಡಿಗೆ ಹರಡುತ್ತದೆ. ಒಂದು ರಬ್ಬರ್ ತುಂಡು ಸಾಕು, ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ನೋಡಿ, ಗೇಜ್ ಹಾಕಿ ಒತ್ತಡ ಅಳೆದ ಮೇಲೂ, ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಒತ್ತಡ ಬರದಿದ್ದರೆ ಪಂಪ್ ಬದಲಿಸಲೇಬೇಕು. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಒಂದೇ ಆಕಾರದ ಪಂಪುಗಳು ಹಲವು ಬೆಲೆಗೆ ಸಿಗುತ್ತವೆ; ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಬಿಲ್ ಪಡೆದುಕೊಳ್ಳಿ, ಹೊಸ ಜಾಲರಿಯನ್ನೂ ರಬ್ಬರ್ ಹೊದಿಕೆಯನ್ನೂ ಜೊತೆಗೇ ತನ್ನಿ. ಟ್ಯಾಂಕಿನೊಳಗೆ ಹಾಕುವ ಪೈಪ್, ಪೆಟ್ರೋಲಿನಲ್ಲಿ ಮುಳುಗಿರಲೆಂದೇ ತಯಾರಿಸಿದ್ದಾಗಿರಬೇಕು. ಮಾಮೂಲಿ ಪೈಪ್ ಹೊರಮೈಯಿಂದ ಕರಗಿ ಬಿರಿಯುತ್ತದೆ. ಟ್ಯಾಂಕನ್ನು ತೊಳೆಯದೆ ಹೊಸ ಪಂಪ್ ಇಳಿಸಲು ಮೆಕ್ಯಾನಿಕ್‌ಗೆ ಬಿಡಬೇಡಿ.

ಈ ಕೆಲಸವನ್ನು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಯಾವ ಕಾರಣಕ್ಕೂ ಮಾಡಿಸಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು, ನೆಲದ ಮಟ್ಟದಲ್ಲಿ ಕಾಣದಂತೆ ಶೇಖರವಾಗಿ ದೂರದ ಒಂದು ಕಿಡಿಗೂ ಹೊತ್ತಿಕೊಳ್ಳುತ್ತದೆ. ಬಯಲಿನಲ್ಲಿ, ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಆಮೇಲೆ ಪೈಪಿಗೆ ಕೈಹಾಕಬೇಕು. ಜೋಡಿಸಿದ ನಂತರ ಎಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನು ಕೆಲವು ಸಲ ಆನ್ ಮಾಡಿ ಆಫ್ ಮಾಡಿ, ಪ್ರತಿ ಜಾಯಿಂಟನ್ನೂ ಒಣಬಟ್ಟೆಯಿಂದ ಒತ್ತಿ ನೋಡಿ. ಬಟ್ಟೆಗೆ ಒಂದಿಷ್ಟು ಪಸೆ ತಾಗಿದರೂ, ಅಥವಾ ಗಾಡಿಯ ಒಳಗೆ ಪೆಟ್ರೋಲಿನ ವಾಸನೆ ಬಂದರೂ, ಸೋರಿಕೆ ನಿಲ್ಲುವವರೆಗೆ ಅದರಲ್ಲಿ ಯಾರನ್ನೂ ಕೂರಿಸಬೇಡಿ.

ನಮಸ್ಕಾರ.